ಹಿಟ್ಟಿನ ಮೂಟೆಯ ಮೇಲೆ ಕೂತ ಅಕ್ಕ

ಮನೆ,
ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕೈ ಮೇಲಿನ ಸುಟ್ಟ ಗಾಯ ಮಾಯಿತಾ? ಬೇಕರಿಯ ಆ ದೊಡ್ಡ ಒಲೆ ಮುಂದೆ ನಿಲ್ಲುವಾಗ ಉದ್ದ ತೋಳಿನ ಅಂಗಿ ಹಾಕಿಕೋ. ನಾವೆಲ್ಲ ಚೆನ್ನಾಗಿದ್ದೇವೆ. ಅಪ್ಪ ಹಳೇ ಸೈಕಲನ್ನು ನಿನ್ನ ಕೋಣೆಗೆ ತಂದಿಟ್ಟು ರಿಪೇರಿ ಶುರು ಮಾಡಿದ್ದಾರೆ, ಚೈನಿನ ಎಣ್ಣೆಯೆಲ್ಲ ನಿನ್ನ ಹಾಸಿಗೆಗೆ. ನೀನು ಫೋನ್ ಎತ್ತುತ್ತಿಲ್ಲ. ಯಾಕೆಂದು ಗೊತ್ತು, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಬೇಕರಿ ಕೆಲಸಕ್ಕೆಂದು ಊರು ಬಿಟ್ಟು ಹೋಗುವ ಮುಂಚೆ ನೀನು ಹೇಳಿದ್ದೆಯಲ್ಲ, "ಆ ಟೀವಿ ಪತ್ತೇದಾರನ ಚಿತ್ರ ಬರೆದೂ ಬರೆದೂ ಸಾಕಾಗಲಿಲ್ವಾ? ಎಷ್ಟು ದಿನ ಅಂತ ಇನ್ನೊಬ್ಬರ ಮಗೂಗೆ ಅಂಗಿ ಹೊಲೀತೀಯ, ನಿಂದೇ ಏನಾದ್ರೂ ಹಾಕು" ಅಂತ. ಆ ಮಾತು ತಲೆ ಕೊರೆಯುತ್ತಿತ್ತು. ಆದರೆ ನಾನು ಚಿತ್ರ ಹಾಕುವ ಆನ್‌ಲೈನ್ ಪೇಜಿಗೆ ಬಂದವರೆಲ್ಲ ಬಂದದ್ದು ಧಾರಾವಾಹಿಯ ಆ ಪತ್ತೇದಾರನಿಗಾಗಿ. ಒಮ್ಮೆಲೇ ಬಿಟ್ಟರೆ ಓಡಿಹೋಗುತ್ತಾರೆಂದು ಒಂದು ಉಪಾಯ ಮಾಡಿದೆ. ಮೊದಲು ಅವನನ್ನು ನಮ್ಮ ಅಡುಗೆಮನೆಯಲ್ಲಿ ಚಹಾ ಕುಡಿಯಲು ಕೂರಿಸಿದೆ. ಆಮೇಲಿನ ಚಿತ್ರಗಳಲ್ಲಿ ಅಡುಗೆಮನೆ ದೊಡ್ಡದಾಗುತ್ತಾ, ಅವನು ಚಿಕ್ಕವನಾಗುತ್ತಾ ಹೋದ. ಕೊನೆಗೆ ಮೊಳೆಗೆ ತೂಗುಹಾಕಿದ ಅವನ ಟೋಪಿ ಮಾತ್ರ ಉಳಿಯಿತು. ಜನಕ್ಕೆ ಮೋಸ ಗೊತ್ತಾಯಿತು. "ನಮ್ಮ ಹೀರೋನ ಎಲ್ಲಿ ಬಚ್ಚಿಟ್ಟಿದ್ದೀಯಮ್ಮ" ಅಂತ ಕೇಳಿ, ಅರ್ಧಕ್ಕರ್ಧ ಜನ ಕಾಲ್ಕಿತ್ತರು. ಅಪ್ಪ ಸೈಕಲ್ ಬಿಚ್ಚುವ ಚಿತ್ರಕ್ಕೆ ಸಿಕ್ಕ ಒಂದೇ ಒಂದು ಮೆಚ್ಚುಗೆ ಅಪ್ಪನದು.

ಆ ವಾರವೇ ನೀನು ಫೋನ್ ಮಾಡಿದ್ದು. ಮುಖ್ಯ ಅಡುಗೆಯವನು ಎಲ್ಲರೆದುರು ಬೈದರೆ ದಾಸ್ತಾನು ಕೋಣೆಗೆ ಹೋಗಿ, ಹಿಟ್ಟಿನ ಮೂಟೆ ಮೇಲೆ ಕೂತು, ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅಳ್ತೀನಿ ಅಂದೆ. "ಯಾರಿಗೂ ಹೇಳ್ಬೇಡ, ಅಮ್ಮಂಗಂತೂ ಬೇಡವೇ ಬೇಡ" ಅಂದೆ. ನಾನು ಯಾರಿಗೂ ಹೇಳಲಿಲ್ಲ, ಚಿತ್ರ ಬರೆದೆ. ನಿನ್ನ ಮೇಲಿನ ಪ್ರೀತಿಗೆ ಬರೆಯುತ್ತಿದ್ದೇನೆ ಅಂದುಕೊಂಡೆ. ಆದರೆ ಬೆರಳಿಗಂಟಿದ ಹಿಟ್ಟು ಸರಿಯಾಗಿ ಮೂಡಿದಾಗ ನನಗಾದ ಖುಷಿಯಲ್ಲಿ ನಿನ್ನ ಅಳು ಮರೆತೇಹೋಗಿತ್ತು. ಪೇಜಿಗೆ ಹಾಕಿದೆ. ಬಿಟ್ಟುಹೋದವರೂ ವಾಪಸ್ ಬಂದರು, ಯಾರೂ ಪತ್ತೇದಾರನನ್ನು ಕೇಳಲಿಲ್ಲ. ಅವತ್ತು ಮನೆಯೆಲ್ಲ ಕುಣಿದಾಡಿದೆ ಅಕ್ಕಾ. ಸಂಜೆ ನಿನ್ನ ಮೆಸೇಜು ಬಂತು: "ಚೆನ್ನಾಗಿದೆ. ನನ್ನನ್ನ ಒಂದು ಮಾತು ಕೇಳಬಹುದಿತ್ತು." ಕೂಡಲೇ ಫೋನ್ ಮಾಡಿದೆ, ನೀನು ಎತ್ತಲಿಲ್ಲ.

ಆ ಚಿತ್ರ ತೆಗೆದುಹಾಕಿದ್ದೇನೆ. ಯಾಕೆ ಎಂದವರಿಗೆ, ಅದು ನನ್ನದಲ್ಲ ಅಂತ ಬರೆದೆ. ಪತ್ತೇದಾರನ ಹತ್ತಿರ ವಾಪಸ್ ಹೋಗಲು ಮನಸ್ಸಿಲ್ಲ, ಹೊಸದೇನು ಬರೆಯಬೇಕೋ ತೋಚುತ್ತಿಲ್ಲ. ಬೈಯಬೇಕೆನ್ನಿಸಿದರೆ ಬೈದುಬಿಡು, ಹೀಗೆ ಸುಮ್ಮನಿರಬೇಡ.

ಮುಲಾಮು ಹಚ್ಚೋದು ಮರೀಬೇಡ. ಅಪ್ಪ ನಿನ್ನನ್ನು ಕೇಳಿದರು ಅಂತ ತಿಳಿಸಲು ಹೇಳಿದ್ದಾರೆ.

ನಿನ್ನ ಹಿಂದೆಯೇ ಸುತ್ತುತ್ತಿದ್ದೆನೆಂದು ನೀನಿಟ್ಟ ಹೆಸರಿನ,
ಬಾಲ

ತಾ.ಕ.: ನಾನು ತೆಗೆಯುವ ಮುಂಚೆಯೇ ಅಮ್ಮ ಆ ಚಿತ್ರ ನೋಡಿಬಿಟ್ಟಿದ್ದಳು. ಮುಖ ಮುಚ್ಚಿದ್ದರೇನು, ನಿನ್ನ ಪಾದ ಅವಳಿಗೆ ಗೊತ್ತಾಗದೇ ಇರುತ್ತದಾ. ಈಗ ಚೀಲ ಹಿಡಿದು ಬಾಗಿಲಲ್ಲಿ ನಿಂತು, ನಿನ್ನೂರಿನ ಬಸ್ಸಿಗೆ ಹೊತ್ತಾಯ್ತು, ಬರೆದದ್ದು ಸಾಕು ಅಂತ ಗದರುತ್ತಿದ್ದಾಳೆ. ಈ ಕಾಗದ ಅವಳ ಕೈಯಲ್ಲೇ ಕೊಡುತ್ತಿದ್ದೇನೆ. ನೀನಿದನ್ನು ಓದುವಾಗ ಅವಳು ಎದುರಿಗೇ ಕೂತಿರುತ್ತಾಳೆ. ಚೆನ್ನಾಗಿದ್ದೀನಿ ಅಂತ ಮಾತ್ರ ಅವಳಿಗೆ ಹೇಳಬೇಡ.