ಚಂದಾ ಮುಗಿದ ಹಾಡುಗಳು

ಮಮದಾಪುರ, ತಾ. ಗೋಕಾಕ
೨ ಫೆಬ್ರುವರಿ ೨೦೨೫, ರವಿವಾರ

ನನ್ನ ಮುದ್ದಿನ ವಿದ್ಯಾ,

ನಿನ್ನ ಆಯಿ ಮಾಡುವ ಆಶೀರ್ವಾದಗಳು. ಕೆಮ್ಮು ಕಡಿಮೆಯಾಯಿತೇ? ಹಾಸ್ಟೆಲಿನಲ್ಲಿ ತಲೆಸ್ನಾನಕ್ಕೆ ಬಿಸಿನೀರು ಕೊಡುತ್ತಾರೋ, ಇಲ್ಲಾ ತಣ್ಣೀರು ಸುರಿದುಕೊಂಡು ಮತ್ತೆ ಮೂಗು ಸೋರಿಸಿಕೊಂಡು ಕೂತಿದ್ದೀಯೋ? ರೊಟ್ಟಿಗೆ ಹಚ್ಚಿಕೊಳ್ಳಲು ಕೊಟ್ಟ ಶೇಂಗಾ ಹಿಂಡಿ ಮುಗಿದಿದ್ದರೆ ತಿಳಿಸು. ಗೆಳತಿಯರಿಗೆ ಕೊಟ್ಟು ಮುಗಿಸಿದ್ದರೂ ಸಿಟ್ಟು ಮಾಡುವುದಿಲ್ಲ. ಇಲ್ಲಿ ನಾವೆಲ್ಲ ಆರಾಮ. ರವಿವಾರ ವಾರ್ಡನ್ ಬಾಯಿಯವರ ಫೋನಿನಲ್ಲಿ ಸಿಗುವ ಮಾತು ಊಟ, ಅಭ್ಯಾಸ ಎನ್ನುವಷ್ಟರಲ್ಲಿ ಮುಗಿದುಹೋಗುತ್ತದೆ. ನಿನ್ನ ಹಿಂದೆ ಸಾಲು ಹಚ್ಚಿದ ಹುಡುಗಿಯರ ಪಿಸುಮಾತು ನನಗೆ ಇಲ್ಲಿ ಕೇಳಿಸುತ್ತದೆ. ಅದಕ್ಕೇ ಈ ಕಾಗದ. ಅಕ್ಷರ ಸೊಟ್ಟಗಿದ್ದರೆ ಮುಪ್ಪು ಎಂದುಕೊಳ್ಳಬೇಡ, ಮೂರು ದಿನದಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಸುದ್ದಿ ಏನೆಂದರೆ, ದೊಡ್ಡಾಯಿಯ ಹಾಡುಗಳು ಸಿಕ್ಕವು! ಅವು ಕಳೆದದ್ದೇ ನಿನಗೆ ಗೊತ್ತಿಲ್ಲ, ನೋಡು. ನಿನ್ನ ಪರೀಕ್ಷೆ ನಡೆದಿತ್ತು, ಹೇಳಬೇಡಿ ಎಂದು ಎಲ್ಲರ ಬಾಯಿಗೂ ನಾನೇ ಬೀಗ ಹಾಕಿದ್ದೆ. ಈಗ ಮೊದಲಿನಿಂದ ಹೇಳುತ್ತೇನೆ.

ದಸರಾ ರಜೆಯಲ್ಲಿ ನೀನು ನನ್ನ ಫೋನಿಗೆ ಹಾಡಿನ ಆ್ಯಪ್ ಒಂದನ್ನು ಹಾಕಿದೆಯಲ್ಲ, ಗದ್ದಲವನ್ನೆಲ್ಲ ಸೋಸಿ ಹಾಡನ್ನಷ್ಟೇ ಹಿಡಿದಿಡುವಂಥದ್ದು. ನನ್ನ ಅತ್ತೆಯನ್ನು, ಅಂದರೆ ನಿಮ್ಮೆಲ್ಲರ ದೊಡ್ಡಾಯಿ ಕಾಡವ್ವನನ್ನು, ಬೀಸುಕಲ್ಲಿನ ಮುಂದೆ ಕೂಡಿಸಿ ಅರಿಷಿಣದ ಪದಗಳನ್ನೆಲ್ಲ ನೀನೇ ಅದರಲ್ಲಿ ಹಾಡಿಸಿಕೊಂಡೆ. ಆವತ್ತು ಆಕೆ ನನ್ನನ್ನೂ ನಿನ್ನ ಅವ್ವ ಶೋಭಾಳನ್ನೂ ಹೊರಗೆ ಕಳಿಸಿದ್ದು ನೆನಪಿದೆಯೇ? “ನೀವಿಬ್ರು ಹೊರಗ ಹೋಗ್ರಿ. ಇವು ಈ ಮನಿ ಮಗಳಂದಿರ ಹಾಡು” ಅಂದಳು. ನಾನು ಕೊಣ್ಣೂರಿನವಳು, ಶೋಭಾ ಹೊರಗಿನಿಂದ ಬಂದ ಸೊಸೆ, ನಮಗೆ ಹಾಡು ಕೊಡುವಂತಿಲ್ಲ. ಲಗ್ನವಾಗಿ ನಲವತ್ತು ವರ್ಷ ಕಳೆದರೂ ನಾನು ಆಕೆಗೆ ಕೊಣ್ಣೂರಿನವಳೇ! ಈ ಮನೆಯ ನೆಲ ಸಾರಿಸಿದೆ, ಎಮ್ಮೆ ಹಿಂಡಿದೆ, ನಿನ್ನ ಅಪ್ಪನನ್ನು ಹೆತ್ತೆ, ಹಾಡು ಮಾತ್ರ ನನ್ನ ಬಾಯಿಗೆ ವರ್ಜ್ಯ. ಮನೆಯಲ್ಲಿ ಮದುವೆ ಬಂದಾಗಲೆಲ್ಲ ಅರಿಷಿಣ ಬೀಸುವ ದಿನ ಹುಕ್ಕೇರಿಗೆ ಕೊಟ್ಟ ಮಗಳನ್ನು ಕರೆಸಿ ಕಲ್ಲಿನ ಎದುರಿಗೆ ಕೂಡಿಸಿಕೊಳ್ಳುತ್ತಿದ್ದಳು. ಆ ಮಗಳೋ, ಕೊನೆಯ ಸೊಲ್ಲಿಗೆ ದನಿ ಕೂಡಿಸುವುದು ಬಿಟ್ಟರೆ ಒಂದು ಪದವನ್ನೂ ಪೂರ್ತಿ ಕಲಿತವಳಲ್ಲ. ಇರಲಿ, ಅತ್ತೆಯ ದೂರು ಹೇಳುತ್ತ ಕೂತರೆ ಕಾಗದ ಸಾಲದು.

ಚಳಿಗಾಲದಲ್ಲಿ ದೊಡ್ಡಾಯಿಗೆ ಲಕ್ವಾ ಹೊಡೆದದ್ದು ನಿನಗೆ ಗೊತ್ತೇ ಇದೆ. ಮಾತು ಅರ್ಧಂಬರ್ಧ ಮರಳಿ ಬಂತು, ಹಾಡು ಬರಲಿಲ್ಲ. ಅಷ್ಟರಲ್ಲಿ ನಿನ್ನ ಅಕ್ಕ ಸರಿತಾಳನ್ನು ಮೂಡಲಗಿಯ ಗುರುಪಾದನಿಗೆ ಕೊಡುವುದು ಗಟ್ಟಿಯಾಯಿತು. ಹಾಡಿಲ್ಲದೆ ಈ ಮನೆಯಲ್ಲಿ ಅರಿಷಿಣದ ಮೊದಲ ಹಿಡಿ ಕಲ್ಲಿಗೆ ಬಿದ್ದದ್ದೇ ಇಲ್ಲ. ಆಕೆಯ ಹಾಡು ಫೋನಿನಲ್ಲಿ ಇದೆಯಲ್ಲ, ಕಲ್ಲಿನ ಬಾಜೂ ಇಟ್ಟು ಹಚ್ಚಿದರಾಯಿತು ಎಂದು ನಾವೆಲ್ಲ ನಿಶ್ಚಿಂತೆಯಿಂದ ಇದ್ದೆವು. ಸಂಕ್ರಮಣದ ಮರುದಿನ ಆ್ಯಪ್ ತೆರೆದರೆ ಹಾಡಿನ ಜಾಗದಲ್ಲಿ ಒಂದು ಬೀಗದ ಚಿತ್ರ. ಚಂದಾ ಮುಗಿದಿದೆ, ಮುಂದುವರಿಸಬೇಕೆಂದರೆ ಹಣ ಕಟ್ಟಿ ಅಂತ ಬರೆದಿದೆಯೆಂದು ಸರಿತಾ ಓದಿ ಹೇಳಿದಳು. ಮೂರು ತಿಂಗಳಿಗೆ ಮಾತ್ರ ಎಂದು ನೀನು ಹೇಳಿದ್ದೆ, ಖರೆ. ಆದರೆ ಫೋನು ನಮ್ಮದು, ಅತ್ತೆ ನಮ್ಮವಳು, ಹಾಡಿದ್ದು ನಮ್ಮ ಅಡುಗೆಮನೆಯಲ್ಲಿ. ಅದಕ್ಕೆ ಇನ್ನೊಬ್ಬ ಒಡೆಯ ಎಲ್ಲಿಂದ ಬಂದ ಎಂದು ನನಗೆ ತಿಳಿಯಲೇ ಇಲ್ಲ.

ನಿನ್ನ ಅಜ್ಜನಿಗೆ ಮಾತ್ರ ಕೂಡಲೇ ತಿಳಿಯಿತು. ಅಲ್ಲೇ ಎಡವಟ್ಟಾದದ್ದು. “ಇದು ಲಾವಣಿ ಹೊಲ ಇದ್ದಂಗ” ಅಂದರು. ಹಾಡುವ ಲಾವಣಿಯಲ್ಲ, ಹೊಲದ ಗುತ್ತಿಗೆ. ಧುಪದಾಳದ ಕಡೆ ಮಂದಿಯ ಹೊಲವನ್ನು ವರ್ಷಕ್ಕೆ ಇಷ್ಟೆಂದು ಮಾತಾಡಿ ಲಾವಣಿಗೆ ಹಿಡಿದು ಮಾಡಿದವರಲ್ಲವೇ ಅವರು? ಆ ವಿಷಯದಲ್ಲಿ ಅವರ ಹೆಸರು ದೊಡ್ಡದು. ಯುಗಾದಿಗೆ ಲಾವಣಿ ಮುಗಿಯಿತೆಂದರೆ ಬದುವಿನ ಕಸ ತೆಗೆದು, ತಮ್ಮದೊಂದು ಕಡ್ಡಿಯನ್ನೂ ಬಿಡದೆ, ಹೊಲ ಖುಲ್ಲಾ ಮಾಡಿ ಒಡೆಯನಿಗೆ ಒಪ್ಪಿಸಿ ಬರುವವರು. ಪರಪ್ಪ ಬಿಟ್ಟ ಹೊಲದಲ್ಲಿ ಊಟಕ್ಕೆ ಕೂಡ್ರಬಹುದು ಎಂದು ಒಡೆಯರೇ ಇವರ ಹೆಸರು ಹಿಡಿದು ಹೇಳುತ್ತಿದ್ದರು. ನಾನು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಆ ಮಹಾನುಭಾವರು ಫೋನು ತೆಗೆದುಕೊಂಡು, ಮುಂಜಾನೆಯ ಹೂವಿನ ಚಿತ್ರಗಳನ್ನು ಅಳಿಸಲು ಸರಿತಾ ಕಲಿಸಿದ್ದಳಲ್ಲ, ಅದೇ ವಿದ್ಯೆಯಿಂದ ಆ್ಯಪನ್ನೇ ತೆಗೆದುಹಾಕಿದ್ದರು. ಮೇಲೆ ಹೆಮ್ಮೆ ಬೇರೆ. “ಲಾವಣಿ ಮುಗದ ಮ್ಯಾಲೆ ಮಂದಿ ಹೊಲದಾಗ ನಮ್ಮ ಸಾಮಾನ ಇರಬಾರದು. ಖುಲ್ಲಾ ಮಾಡಿ ಕೊಟ್ಟೇನಿ.”

ಒಳಗೆ ದೊಡ್ಡಾಯಿ ಮಲಗಿದ್ದಳು, ಜೋರಾಗಿ ಬೈಯುವಂತೆಯೂ ಇಲ್ಲ. ಆಕೆಯ ಬಾಯಿಂದ ಹೋದ ಹಾಡು ಫೋನಿನಿಂದಲೂ ಹೋಯಿತು, ಇನ್ನು ಭೂಮಿಯ ಮೇಲೆ ಎಲ್ಲೂ ಇಲ್ಲ ಎಂದು ಅನ್ನಿಸಿ ಅತ್ತುಬಿಟ್ಟೆ. ನಲವತ್ತು ವರ್ಷ ನನ್ನನ್ನು ಹೊರಗಿಟ್ಟ ಹಾಡಿಗೆ ನಾನು ಅಳುತ್ತಿದ್ದೇನಲ್ಲ ಎಂದು ನನಗೇ ಆಶ್ಚರ್ಯವಾಯಿತು. ಕಣ್ಣೊರೆಸಿಕೊಂಡು ಅವರ ಮುಂದೆ ನಿಂತು ಒಂದೇ ಮಾತು ಕೇಳಿದೆ. “ಹೊಲ ಬಿಟ್ರಿ, ಛಲೋ ಆತು. ನಿಂತ ಕಬ್ಬ ಯಾರ ಕಡೀಬೇಕ್ರಿ?” ಅವರ ಮುಖ ನೋಡಬೇಕಿತ್ತು ನೀನು. ಲಾವಣಿ ಮುಗಿದರೂ ಹೊಲದಲ್ಲಿ ಪೀಕು ನಿಂತಿದ್ದರೆ ಅದು ಬಿತ್ತಿದವನದೇ, ಒಡೆಯನಿಗೆ ಮೇಲಿನ ದಿನಗಳ ಹಣ ಕೊಟ್ಟು ಕಡಿದುಕೊಂಡು ಹೋಗುವುದು ಇಲ್ಲಿಯ ರೂಢಿ. ಅಷ್ಟು ದೊಡ್ಡ ಲಾವಣಿದಾರರು ಅದನ್ನೇ ಮರೆತಿದ್ದರು. ತಲೆಗೆ ಪಟಗಾ ಸುತ್ತಿಕೊಂಡು ಗೋಕಾಕಕ್ಕೆ ನಡೆ ಎಂದರು.

ಆದರೆ ಅಂದು ಹೋಗಲಾಗಲಿಲ್ಲ. ಗುರುಪಾದನ ಮನೆಯವರು ಜವಳಿ ತೆಗೆಯುವ ಮಾತಿಗೆ ಬಂದುಬಿಟ್ಟರು. ಹುಡುಗ ಚಲೋ ಇದ್ದಾನೆ, ನಗುಮುಖ. ಅವನ ಬಳಿ ಎಲ್ಲವೂ ತಿಂಗಳ ಚಂದಾದ ಮೇಲೆ ಅಂತೆ: ಹಾಡು, ಸಿನೆಮಾ, ಕ್ರಿಕೆಟ್ಟು. ಒಂದೂ ಖರೀದಿ ಮಾಡುವುದಿಲ್ಲ, ಜಗತ್ತಿನ ಹಾಡೆಲ್ಲ ಕಿಸೆಯಲ್ಲೇ ಇರುತ್ತವೆ ಎಂದ. ನಿನ್ನ ಅಜ್ಜ ಮೊದಲೇ ಕುದಿಯುತ್ತಿದ್ದರು. “ಮದವಿನೂ ತಿಂಗಳ ಲೆಕ್ಕದ ಮ್ಯಾಲೇನಪಾ?” ಎಂದುಬಿಟ್ಟರು. ಸರಿತಾ ನಾಚಿ ಒಳಗೆ ಓಡಿದಳು, ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಅವನ ಮಾತಿನಲ್ಲೂ ಹುರುಳಿಲ್ಲದಿಲ್ಲ. ನಾನು ತವರಿನಿಂದ ತಂದ ಟೇಪಿನ ಜೊತೆ ಒಂದು ಡಬ್ಬಿ ಕ್ಯಾಸೆಟ್ಟು ನನ್ನ ಸ್ವಂತದ್ದೇ ಇದ್ದವು. ಒಡೆತನ ನನ್ನದಾಯಿತು, ತಿಂದದ್ದು ಅಟ್ಟದ ಇಲಿಗಳು. ಸುಮ್ಮನೆ ಕೇಳಿ ಬಿಡುವ ಹಾಡಿಗೆ ಚಂದಾ ಸಾಕು. ನಮ್ಮದನ್ನು ನಾವು ಇಡುವ ಜಾಗ ಮಾತ್ರ ನಮ್ಮದೇ ಇರಬೇಕು, ನಾನು ಹೇಳುವುದು ಇಷ್ಟೇ.

ಮದುವೆಯ ಓಡಾಟದಲ್ಲಿ ಎರಡು ವಾರ ಸರಿದು, ಮೊನ್ನೆ ಗುರುವಾರ ಗೋಕಾಕಕ್ಕೆ ಹೋದೆವು. ಮೊಬೈಲ್ ಅಂಗಡಿಯ ಗಜಾನನ ಎಲ್ಲ ಕೇಳಿಸಿಕೊಂಡು, ಆ್ಯಪ್ ಹೋದರೂ ಹಾಡು ಕಂಪನಿಯ ಕಡೆಗೆ ಖಾತೆಯಲ್ಲಿ ಇರಬೇಕು ನೋಡೋಣ ಎಂದ. ಇರಬೇಕು ಎಂದನೇ ಹೊರತು ಇದೆ ಎನ್ನಲಿಲ್ಲ. ಮತ್ತೆ ಆ್ಯಪ್ ಹಾಕಿದ, ನೀನು ಖಾತೆಗೆ ಜೋಡಿಸಿದ್ದ ನಿನ್ನ ಅಪ್ಪ ಮಹೇಶನ ಫೋನಿಗೆ ಬಂದ ನಂಬರು ಕೇಳಿ ಒತ್ತಿದ, ಒಂದೇ ತಿಂಗಳಿಗೆ ಚಂದಾ ಕಟ್ಟಿದೆವು. ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಲೇ ಇತ್ತು. ನಿನ್ನ ಅಜ್ಜ ಕೊರಳಿನ ಲಿಂಗ ಹಿಡಿದುಕೊಂಡು ನಿಂತಿದ್ದರು, ನಾನು ಅವರ ತೋಳು ಹಿಡಿದುಕೊಂಡಿದ್ದೆ. ಆಮೇಲೆ, ವಿದ್ಯಾ, ಆ ತುಂಬಿದ ಅಂಗಡಿಯಲ್ಲಿ ದೊಡ್ಡಾಯಿ ಕೆಮ್ಮಿದಳು! ಹಾಡು ಹಿಡಿಯುವ ಮೊದಲು ಕೆಮ್ಮುತ್ತಾಳಲ್ಲ, ಅದೇ ಕೆಮ್ಮು. ಹಿಂದೆಯೇ ಹಾಡು ಬಂತು, ಅದರ ಕೆಳಗೆ ಬೀಸುಕಲ್ಲಿನ ಗರಗರ. ನಾನು ಅಂಗಡಿಯಲ್ಲಿ ನಿಂತೇ ಕೈ ಮುಗಿದೆ. ಗಜಾನನ ಒಂದೊಂದನ್ನೇ ಹೊರಗೆ ತೆಗೆದು ಫೋನಿಗೂ ಎರಡು ಪೆನ್‌ಡ್ರೈವಿಗೂ ಹಾಕಿಕೊಟ್ಟ, ಚಂದಾ ತಾನೇ ಮುಂದುವರಿಯದಂತೆ ನಿಲ್ಲಿಸಿದ. ಈಗ ಖುಲ್ಲಾ ಮಾಡಬಹುದು ನೋಡ್ರಿ ಎಂದು ನಾನು ನಿನ್ನ ಅಜ್ಜನಿಗೆ ಹೇಳಿದೆ. ಅವರು ನಗಲಿಲ್ಲ, ಕರದಂಟು ಕೊಡಿಸಿದರು. ಅವರ ತಪ್ಪೊಪ್ಪಿಗೆ ಯಾವಾಗಲೂ ಸಿಹಿಯ ಪೊಟ್ಟಣದಲ್ಲೇ ಬರುತ್ತದೆ.

ಮನೆಗೆ ಬಂದರೆ ಮಹೇಶ ಕಬ್ಬಿನ ಗಾಡಿ ಖಾಲಿ ಮಾಡಿ ಬಂದಿದ್ದ. ಅವನ ಟ್ರ್ಯಾಕ್ಟರಿನ ಸ್ಪೀಕರು ನಿನಗೆ ಗೊತ್ತಲ್ಲ, ಹಾಡು ಹಚ್ಚಿದರೆ ಕೊಣ್ಣೂರಿಗೆ ಕೇಳಬೇಕು. ಪೆನ್‌ಡ್ರೈವನ್ನು ಅದಕ್ಕೇ ಸಿಕ್ಕಿಸಿದ. ದೊಡ್ಡಾಯಿಯನ್ನು ಎತ್ತಿ ಕಟ್ಟೆಯ ಮೇಲೆ ಕೂಡಿಸಿದೆವು. ಓಣಿಗೆ ಓಣಿಯೇ ಹೊರಗೆ ಬಂತು. ಆಕೆ ತಲೆ ಬಗ್ಗಿಸಿ ಒಂದು ಪದ ಪೂರ್ತಿ ಕೇಳಿದಳು. ಆಮೇಲೆ ಹುಬ್ಬು ಗಂಟಿಕ್ಕಿ, “ಯಾರ ಆ ಮುದಕಿ? ಭಾಳ ಗಡಬಡಿ ಮಾಡತಾಳ” ಅಂದಳು. ಎಲ್ಲರೂ ನಕ್ಕರು, ಸೊಟ್ಟ ಬಾಯಿಯಲ್ಲಿ ಆಕೆಯೂ ನಕ್ಕಳು, ಶೋಭಾ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅರಿಷಿಣದ ದಿನಕ್ಕೆ ಹಾಡಿನ ಚಿಂತೆ ತೀರಿತೆಂದು ಅಂದು ಎಲ್ಲರೂ ಹೊಟ್ಟೆ ತುಂಬ ಉಂಡೆವು.

ಇನ್ನೊಂದು ಪೆನ್‌ಡ್ರೈವು ನಿನ್ನದು, ಕಪಾಟಿನಲ್ಲಿ ನಿನ್ನ ಬಟ್ಟೆಯ ಕೆಳಗೆ ಇಟ್ಟಿದ್ದೇನೆ. ಹೊಲದಲ್ಲಿ ಎಳೆ ಜೋಳದ ಸೀತನಿ ಸುಟ್ಟಾಗ ನಿನ್ನನ್ನು ಎಲ್ಲರೂ ನೆನೆದರು. ಚೆನ್ನಾಗಿ ಓದು, ಹೊತ್ತಿಗೆ ಸರಿಯಾಗಿ ಉಣ್ಣು, ವಾರ್ಡನ್ ಬಾಯಿಯವರಿಗೆ ನನ್ನ ಶರಣು ಹೇಳು. ಬಸವಣ್ಣ ನಿನ್ನನ್ನು ನಗುನಗುತ್ತ ಇಟ್ಟಿರಲಿ.

ನಿನ್ನ ಆಯಿ,
ಶಿವವ್ವ

ತಾ.ಕ.: ಲಕೋಟೆಗೆ ಅಂಟು ಹಚ್ಚುವವಳಿದ್ದೆ, ನಿಲ್ಲು. ಈಗ ದೀಪ ಹಚ್ಚುವ ಹೊತ್ತಿಗೆ ದೊಡ್ಡಾಯಿ ನನ್ನನ್ನು ಬೀಸುಕಲ್ಲಿನ ಹತ್ತಿರ ಕರೆದಳು. ಅರಿಷಿಣಕ್ಕೆ ಫೋನೂ ಬೇಡ, ಟ್ರ್ಯಾಕ್ಟರೂ ಬೇಡ ಎಂದು ಕೈ ಆಡಿಸಿ, ನೀ ಹಾಡು ಅಂದಳು. ನನಗೆಲ್ಲಿ ಬರುತ್ತವೆ ಅತ್ತೀ ಎಂದೆ. ಆಕೆ ನನ್ನ ಮಣಿಕಟ್ಟು ಹಿಡಿದು ಕಲ್ಲಿನ ಗೂಟದ ಮೇಲೆ ಇಟ್ಟಳು. ತಡೆದು ತಡೆದು ಹೇಳಿದಳು: “ನಲವತ್ತ ವರ್ಷ ಗ್ವಾಡಿಗೆ ಕಿವಿ ಹಚ್ಚಿ ಕದ್ದ ಕಲತಿ. ನನಗ ಗೊತ್ತಿಲ್ಲೇನ? ಇವತ್ತ ಕೊಟ್ಟೇನಿ. ಹಾಡ.” ಹಾಡಿದೆ, ವಿದ್ಯಾ. ಒಂದು ಸೊಲ್ಲೂ ಮರೆತಿರಲಿಲ್ಲ. ಈ ತಿಂಗಳ ಹದಿನಾರಕ್ಕೆ ಅರಿಷಿಣ, ರಜೆಯ ಅರ್ಜಿ ತೆಗೆದುಕೊಂಡು ನಿನ್ನ ಅಪ್ಪ ಬರುತ್ತಾನೆ, ತಪ್ಪಿಸಬೇಡ. ನನ್ನ ಎದುರಿಗೆ ಕಲ್ಲು ಹಿಡಿಯಲು ನೀನು ಬೇಕು. ನಿನ್ನ ಅವ್ವ ಪಕ್ಕದಲ್ಲಿ ಕೂಡುತ್ತಾಳೆ. ನಾನು ಯಾರನ್ನೂ ಹೊರಗೆ ಕಳಿಸುವುದಿಲ್ಲ.