ಅಂಗೈಯಿಂದ ಜಾರಿದ ಲಿಂಗ

೧೪ ಆಗಸ್ಟ್ ೨೦೦೬, ಶ್ರಾವಣ ಸೋಮವಾರ

ಸಿಟ್ಟು ಇನ್ನೂ ಇಳಿದಿಲ್ಲ. ಬೆಳಿಗ್ಗೆ ಪೂಜೆಯಲ್ಲಿ ಕಣ್ಣು ಮುಚ್ಚಿದವಳು ತೂಕಡಿಸಿಬಿಟ್ಟೆ. ಅಂಗೈಯಲ್ಲಿದ್ದ ಇಷ್ಟಲಿಂಗ ಜಾರಿತು. ಸೊಸೆ ಶಿಲ್ಪಶ್ರೀ ಕೈಯೊಡ್ಡದಿದ್ದರೆ ನೆಲಕ್ಕೆ ಬೀಳುತ್ತಿತ್ತು.

“ರಾತ್ರಿಯೆಲ್ಲ ನಿಮ್ಮ ಉಸಿರು ನಿಂತು ನಿಂತು ಬರುತ್ತೆ ಅತ್ತೆ. ನಿದ್ದೆ ಎಲ್ಲಿ ಸಾಲುತ್ತೆ? ಡಾಕ್ಟ್ರು ಕೊಟ್ಟಿರೋ, ಕೊಳವೆಯಿಂದ ಮೂಗಿಗೆ ಗಾಳಿ ಊದೋ ಮಷೀನ್ ಹಾಕ್ಕೊಳ್ಳಿ ಅಂದ್ರೆ ಕೇಳಲ್ಲ.”

“ಆ ಸೊಂಡಿಲು ಕಟ್ಕೊಂಡು ಮಲಗೋಕೆ ನಾನೇನ್ ಗಣಪತಿನಾ?”

ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಹಗಲು ನಿದ್ದೆ ಮಾಡಿದವರನ್ನೆಲ್ಲ ಸೋಮಾರಿಗಳೆಂದು ಬೈಯುವವಳು ನಾನು. ನನ್ನದು ಸೋಮಾರಿತನವಲ್ಲ, ಕಾಯಿಲೆ ಎನ್ನುತ್ತಾರೆ ಡಾಕ್ಟರು. ಎರಡನ್ನೂ ಒಪ್ಪಲು ಮನಸ್ಸಿಲ್ಲ.

ಆದರೆ ನಾಳೆಯೂ ಪೂಜೆಗೆ ಕೂರಬೇಕು. ನನ್ನ ಕೈ ಕೆಳಗೆ ಅವಳ ಕೈ ಕಾಯುತ್ತಿರುವುದು ಬೇಡ. ಸೊಂಡಿಲು ಕಟ್ಟಿಕೊಂಡೇ ಬರೆಯುತ್ತಿದ್ದೇನೆ. ಮೂಗಿಗೆ ಬಿಗಿ. ಅದರ ಮೇಲೆ ಕನ್ನಡಕ ಕೂರುತ್ತಿಲ್ಲ, ಅಕ್ಷರಗಳೆಲ್ಲ ಮಸುಕು. ನಿದ್ದೆ ಎಳೆಯುತ್ತಿ…