ಅಮಾಸಿ ದಿನದ ಲಾಳಿ

ಹುಬ್ಬಳ್ಳಿ ದವಾಖಾನಿ

ಅಪ್ಪಾರಿಗೆ ಗಂಗಾಂಬಿಕಾಳ ನಮಸ್ಕಾರ.

ನನ್ನ ಎಡಗಣ್ಣಿನ ಒಳಪರದೆ ಹರದು ಹೋಗೈತಿ. ಇಲ್ಲಿ ಡಾಕ್ಟರ್ ಅಕ್ಕಾರು ಒಂದು ಹೊಸಾ ಸುದ್ದಿ ಹೇಳಿದ್ರು. ಕೂದಲಕಿಂತ ಸಣ್ಣ ಎಳಿಲೆ ಜಾಳಿಗಿ ಮಾಡಿ, ಅದರ ಮ್ಯಾಲ ಜೀವಕೋಶ ಬೆಳಸಿ, ಕಣ್ಣಿನ ಹಿಂದ ಕೂಡಸ್ತಾರಂತ. ಬರೇ ಕೋಶ ಬಿಟ್ರ ಚದರಿ ಸಾಯ್ತಾವಂತ. ಮಗ್ಗದಾಗ ಹಾಸಿನ ಎಳಿ ಇಲ್ದ ಹೊಕ್ಕಿನ ಎಳಿ ನಿಂದರೂದಿಲ್ಲಲ್ಲಾ, ಹಂಗ. ಆದ್ರ ಇನ್ನೂ ಮೊಲದ ಕಣ್ಣಾಗ ಹಾಕಿ ನೋಡಾಕತ್ತಾರ. ನನ್ನ ಪಾಳಿ ಬರೂದ್ರಾಗ ಮುದುಕಿ ಆಗಿರ್ತೇನಿ.

ಮಗ್ಗದಿಂದ ಲಾಳಿ ಹಾರಿ ಕಣ್ಣಿಗೆ ಬಡೀತು ಅಂತ ಅವರಿಗೆ ನೀವ ಹೇಳಿದ್ರಿ. ಮಗಳ ಸಂಸಾರ ಉಳೀಲಿ ಅಂತ ಹೇಳಿದ್ರಿ, ಗೊತ್ತೈತಿ. ನಿಮ್ಮ ಅಳಿಯಾ ನನ್ನ ಜಡಿ ಹಿಡದು, ಗ್ವಾಡಿಗೆ ಒತ್ತಿ, ಲಾಳಿ ಮೊನಿಲೆ ಮೂರು ಸಲ ತಿವಿದಾ. ಒಂದ ಸಲಕ್ಕ ಕಣ್ಣು ಹೋಗಿತ್ತು. ಇನ್ನೆರಡು ಯಾಕಂತ ಅವನ್ನ ಕೇಳ್ರಿ.

ಸೋಮವಾರ ರಬಕವಿ ಪೊಲೀಸರು ಹೇಳಿಕಿ ಬರಕೊಳ್ಳಾಕ ಬರ್ತಾರ. ನಿಮ್ಮ ಸುಳ್ಳು ಹುಬ್ಬಳ್ಳಿ ಡಾಕ್ಟರಿಗೆ ಗೊತ್ತಾಗಲಿಲ್ಲ, ನೇಕಾರರ ಊರಿನ ಪೊಲೀಸರಿಗೆ ಗೊತ್ತಾಗತೈತಿ. ನನ್ನ ಕಣ್ಣು ಹೋದ ದಿನ ಅಮಾಸಿ ಇತ್ತು. ಅಮಾಸಿಗೆ ನಮ್ಮ ಓಣ್ಯಾಗ ಯಾವ ಮಗ್ಗ ನಡದಿತ್ತರೀ? ನಲವತ್ತು ವರ್ಷ ನೇಯ್ದವರು, ಸುಳ್ಳು ಹೇಳೂವಾಗ ಅಮಾಸಿ ಮರ್ತ್ರಿ.

ನೀವೂ ಬರ್ರಿ. ಅಟ್ಟದ ಮ್ಯಾಲ ಮುಚ್ಚಿಟ್ಟ ಲಾಳಿ ತರ್ರಿ. ತೊಳೀಬ್ಯಾಡ್ರಿ.

ನಿಮ್ಮ ಮಗಳು,
ಗಂಗಾಂಬಿಕಾ